ಇಬ್ಬರ ಭಾರಕ್ಕೆ ಬಿಗಿದ ಬೈಕು

ನೋಡಲು ಒಂದು ಹಿಡಿ ಮನುಷ್ಯ, ಮಾತು ಅದಕ್ಕೂ ಕಡಿಮೆ. ಅಂಗಡಿಯಲ್ಲಿಟ್ಟರೆ ಯಾರೂ ಕೈಗೆತ್ತಿಕೊಂಡು ನೋಡದ ಮಾಲು ಈ ಮೆಕ್ಯಾನಿಕ್. ತೀರಿಹೋದ ಗಂಡನ ಎತ್ತರದ ಬೈಕಿನಿಂದ ಎರಡು ಸಲ ಬಿದ್ದಿದ್ದ ನನ್ನ ತಂಗಿ, ಅದನ್ನು ಮಾರಲೊಲ್ಲದೆ, ಕಾಲಿಗೆ ನೆಲ ಸಿಗುವಂತೆ ತಗ್ಗಿಸಿಕೊಳ್ಳಲು ಅವನ ಬಳಿ ತಂದಳು; ಜೊತೆಗೆ ನಾನೂ ಇದ್ದೆ.

ಅವಳನ್ನು ಕೂರಿಸಿ, ಹಿಂಭಾಗ ಎಷ್ಟು ಕುಸಿಯಿತೆಂದು ಅಳೆದ. ಎರಡು ಬೆರಳು ಕುಸಿಯಬೇಕಾದದ್ದು ನಾಲ್ಕು ಕುಸಿದಿತ್ತು. ಅವಳನ್ನು ಇಳಿಸಿ, ಹೆಚ್ಚುಕಮ್ಮಿ ಅವಳಷ್ಟೇ ತೂಕದ ತಾನು ಕೂತ, ಎರಡೇ ಬೆರಳು. ಮತ್ತೆ ಅವಳು ಕೂತಳು, ನಾಲ್ಕು.

“ಏನಣ್ಣಾ, ನಾನು ಅಷ್ಟು ದಪ್ಪ ಆಗಿದೀನಾ?”

“ಇಲ್ಲಕ್ಕಾ, ಸ್ಪ್ರಿಂಗ್ ಹಳೇದು,” ಎಂದ. ಹಿಂಬದಿಯ ಖಾಲಿ ಸೀಟಿನ ಕಡೆ ಅವನು ಕಣ್ಣೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಇಬ್ಬರ ಭಾರಕ್ಕೆ ಸ್ಪ್ರಿಂಗ್ ಬಿಗಿದು, ಸೀಟಿನ ಸ್ಪಂಜು ಕೆತ್ತಿ ತಗ್ಗಿಸಿ, ಅವಳ ಎರಡೂ ಹಿಮ್ಮಡಿ ನೆಲ ಮುಟ್ಟುವಂತೆ ಮಾಡಿದ. ತಂಗಿ ಓಲಾಡದೆ ಹೊರಟಳು. ಆ ಸುಳ್ಳಿಗಾಗಿ ನಾನು ಅವನಿಗೆ ಋಣಿ.