ಪೀರಮ್ಮನ ಮುತ್ತೈದೆ ಕಪ್ಪೆ

ಮುಂಗಾರಿನ ಮಿರಗ ಮಳೆಯ ಕಾಲ ಕೂಡಿದರೂ ಮೋಡ ಕಾಣದಿದ್ದರೆ ಚಿಮ್ಮನಚೋಡದ ಹೆಂಗಸರು ಪೀರಮ್ಮನ ಬಾಗಿಲಿಗೆ ಬರುತ್ತಿದ್ದರು. ಒನಕೆಗೆ ಬೇವಿನ ತಪ್ಪಲು ಸುತ್ತಿ, ಅದರೊಳಗೆ ಕಪ್ಪೆಯನ್ನು ಕಟ್ಟಿ, ಹಾಡುತ್ತ ಮನೆಮನೆಗೆ ಹೊತ್ತು ತಿರುಗಿದರೆ, ಮನೆಯೊಡತಿಯರು ಅದರ ಮೇಲೆ ಕೊಡ ನೀರು ಸುರಿದರೆ, ಮಳೆ ಬರುತ್ತದೆಂಬುದು ಊರಿನ ನಂಬಿಕೆ. ಕಪ್ಪೆ ತರುವುದು ಪೀರಮ್ಮನ ಕೆಲಸ.

ಹೊಲದ ಕಪ್ಪೆ ಇದಕ್ಕೆ ಸಲ್ಲದು. ಚಿಂಚೋಳಿ ಕಾಡಿನ ಹಳ್ಳದಲ್ಲಿ ಕಲ್ಲಿನಡಿ ಇರುವ ಕಪ್ಪೆಯೇ ಆಗಬೇಕು. ಹೆಬ್ಬೆರಳಿನಷ್ಟು ಮೈ, ಒಣಗಿದ ಎಲೆಯ ಬಣ್ಣ, ಬೆನ್ನುದ್ದಕ್ಕೂ ಅರಿಶಿಣ ಹಚ್ಚಿದಂಥ ಗೆರೆ. ಅದಕ್ಕೇ ಅದು ಮುತ್ತೈದೆ ಕಪ್ಪೆ. ಪೀರಮ್ಮ ಹೊಸ ಸೊಸೆಯಾಗಿ ಬಂದಾಗ ಅತ್ತೆಯೇ ಹಳ್ಳ ತೋರಿಸಿದ್ದಳು. ಆಗ ಯಾವ ಕಲ್ಲೆತ್ತಿದರೂ ಎರಡು ಮೂರು ಜಿಗಿಯುತ್ತಿದ್ದವು. ಅವುಗಳ ಒದರಾಟದಲ್ಲಿ ಅತ್ತೆಯ ಮಾತು ಸೊಸೆಗೆ ಕೇಳಿಸುತ್ತಿರಲಿಲ್ಲ.

“ತಂದ ಕೈಲೇ ಒಯ್ದು ಬಿಡಬೇಕು. ಅದು ಹಳ್ಳ ಮುಟ್ಟೋತನಾ ನಿನಗ ರೊಟ್ಟಿ ಇಲ್ಲ ನೋಡು” ಎಂದಿದ್ದಳು ಅತ್ತೆ. ಪೀರಮ್ಮ ಒಮ್ಮೆಯೂ ಆ ಮಾತು ಮೀರಲಿಲ್ಲ.

ಆಮೇಲೆ ಹಳ್ಳದ ದಂಡೆಯ ಮರಗಳನ್ನು ಕಡಿದು ಇದ್ದಲಿ ಸುಟ್ಟರು. ನೆರಳು ಹೋಯಿತು, ಕಲ್ಲಿನ ಪಾಚಿ ಒಣಗಿತು. ಕಪ್ಪೆಗಾಗಿ ಪೀರಮ್ಮ ವರ್ಷವರ್ಷವೂ ಇನ್ನಷ್ಟು ಮೇಲಕ್ಕೆ ನಡೆಯಬೇಕಾಯಿತು. “ನಮ್ಮ ಮುತ್ತೈದೇರು ಎಲ್ಲಿ ಹೋದ್ರರೀ ಅಪ್ಪಾರ?” ಎಂದು ಕೇಳಿದರೆ ಕಾಡಿನ ಗಾರ್ಡ್ ರೇವಣಸಿದ್ದಯ್ಯ, “ತವರಿಗಿ ಹೋಗ್ಯಾರ ತಗೊ” ಎಂದು ನಗುತ್ತಿದ್ದ.

ಎಮರ್ಜನ್ಸಿ ಮುಗಿದ ಮರುವರ್ಷ ಕೇಳಿದಾಗ ಅವನು ನಗಲಿಲ್ಲ. “ದೊಡ್ಡ ಸಾಹೇಬ್ರು ಬಂದು ನೋಡಿ ಹೋದ್ರು ಪೀರವ್ವ. ಈ ಜಾತಿ ಕಪ್ಪಿ ಮುಗಿಲಿಕತ್ತದ ಅಂದ್ರು. ಮುಂದ ನೋಡ್ಲಿಕ್ಕೂ ಸಿಗಂಗಿಲ್ಲಂತ.”

ಅಂದು ಹೊತ್ತು ಇಳಿಯುವವರೆಗೆ ಹುಡುಕಿದರೆ ಸಿಕ್ಕಿದ್ದು ಒಂದೇ ಒಂದು. ಅಂಗೈಯಲ್ಲಿ ಕೂರಿಸಿಕೊಂಡು ನೋಡಿದಳು. ಹೊಟ್ಟೆ ತುಂಬ ತತ್ತಿ. ದಿನ ತುಂಬಿದ ಬಸುರಿ! ಬರಿಗೈಲಿ ಹೋದರೆ, ಮಳೆ ಬಾರದಿದ್ದರೆ, ಊರೆಲ್ಲ ತನ್ನತ್ತ ಬೆರಳು ತೋರಿಸುತ್ತದೆ. ಆದರೂ ಪೀರಮ್ಮ ಕಪ್ಪೆಯನ್ನು ಅದರ ಕಲ್ಲಿನಡಿಗೆ ಬಿಟ್ಟು, ಅಲ್ಲಿಯ ಹಸಿ ಮಣ್ಣನ್ನು ಗಡಿಗೆಗೆ ತುಂಬಿಕೊಂಡಳು.

ಮರುದಿನ ಗೌಡರ ಅಂಗಳದಲ್ಲಿ ಗಡಿಗೆಯಿಂದ ಹೊರಬಂದದ್ದು ಬೆನ್ನಿಗೆ ಅರಿಶಿಣ ಹಚ್ಚಿದ ಮಣ್ಣಿನ ಕಪ್ಪೆ.

“ಮಣ್ಣಿನ ಕಪ್ಪಿಗಿ ಮಣ್ಣಿನ ಮಳೀನೇ ಬರ್ತದೇನೋ!” ಎಂದಳು ಗೌಡರ ಹೆಂಡತಿ ಶಿವಕಾಂತಮ್ಮ. ಎಲ್ಲರೂ ನಕ್ಕರು. “ಮಳಿ ಬರ್ಲಿಲ್ಲಂದ್ರ ನಿನ್ನೇ ಒನಕಿಗಿ ಕಟ್ತೀವಿ ನೋಡು, ಪೀರವ್ವ” ಎಂದು ಶಿವಕಾಂತಮ್ಮನೇ ಸೇರಿಸಿದಳು.

“ಕಟ್ರಿ. ನಾನೇನು ಬಸುರಿಲ್ಲ” ಎಂದಳು ಪೀರಮ್ಮ. “ಹಳ್ಳದಾಗ ಸಿಕ್ಕಾಕಿ ದಿನಾ ತುಂಬಿದಾಕಿ, ಗೌಡಸಾನಿ. ನಿಮ್ಮ ಮಗಳು ಬಾಣಂತನಕ್ಕ ಬಂದಾಗ ಬಿಸಲಾಗ ಊರ ತುಂಬ ತಿರುಗಿಸಿದ್ರೇನು?”

ಶಿವಕಾಂತಮ್ಮನ ಮುಖ ಕೆಂಪಾಯಿತು. ಸರ್ರನೆ ಒಳಗೆ ಹೋದಳು. ತುಂಬಿದ ಕೊಡದೊಂದಿಗೆ ಬಂದು, “ನಿಂತೀರ್ಯಾಕ? ಒನಕಿ ಹೊರ್ರಿ” ಎಂದಳು.

ಓಣಿ ದಾಟುವಷ್ಟರಲ್ಲಿ ಕಪ್ಪೆ ಕರಗಿ, ಬೇವಿನ ತಪ್ಪಲಿನಿಂದ ಹಳದಿ ನೀರು ತೊಟ್ಟಿಕ್ಕತೊಡಗಿತು. ಆದರೂ ಹಾಡು ನಿಲ್ಲಲಿಲ್ಲ.

ಮಳೆ ಕೂಡಲೇ ಬರಲಿಲ್ಲ. ಆ ದಿನಗಳಲ್ಲಿ ಪೀರಮ್ಮ, ಬಾವಿಯ ಬಳಿ ಯಾರೂ ಇಲ್ಲದ ಹೊತ್ತು ನೋಡಿ ನೀರಿಗೆ ಹೋಗುತ್ತಿದ್ದಳು. ಕೊನೆಗೊಮ್ಮೆ ಮಳೆ ಬಂತು. ಮಣ್ಣಿನ ಕಪ್ಪೆಗೆ ಬಂತೋ, ತನ್ನ ಕಾಲಕ್ಕೆ ತಾನು ಬಂತೋ, ಯಾರೂ ಜಗಳ ತೆಗೆಯಲಿಲ್ಲ. ಮುಂದೆಯೂ ಆ ಊರಲ್ಲಿ ಮಣ್ಣಿನ ಕಪ್ಪೆಯನ್ನೇ ಹೊತ್ತರು.

ಹಳ್ಳ ತುಸು ಇಳಿದ ಮೇಲೆ ಪೀರಮ್ಮ ಅತ್ತೆಯ ಮಾತಿನಂತೆ ಅಂದೂ ಉಪವಾಸದಲ್ಲೇ ಕಾಡಿಗೆ ನಡೆದಳು. ಆ ಕಲ್ಲಿನ ಪಕ್ಕದ ಮಡುವಿಗೆ ಬಗ್ಗಿ ನೋಡಿದಳು. ನೀರಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಗೊದಮೊಟ್ಟೆಗಳು ಬಾಲ ಆಡಿಸುತ್ತಿದ್ದವು.

ಅಲ್ಲೇ ದಂಡೆಯ ಮೇಲೆ ಕುಳಿತು ಸೆರಗಿನ ಗಂಟು ಬಿಚ್ಚಿ, ಪೀರಮ್ಮ ರೊಟ್ಟಿ ಮುರಿದಳು.