ಕಾಲುವೆ ಉಟ್ಟ ಅರಿವೆ

ಗಂಜಿಯೂ ಸೋಡಾವೂ ಒಟ್ಟಿಗೆ ಕುದಿಯುವ ವಾಸನೆ ಈಗ ಯಾರ ಮನೆಯಲ್ಲೂ ಬರುವುದಿಲ್ಲ. ಮೊನ್ನೆ ಶಹಾಪುರದ ಬಜಾರಿನಲ್ಲಿ ಕಾಯಿಪಲ್ಯದ ಚೀಲ ಹಿಡಿದು ಬರುತ್ತಿದ್ದಾಗ, ಇಸ್ತ್ರಿ ಅಂಗಡಿಯೊಂದರ ಹಿಂದೆ ಯಾರೋ ಹಂಡೆಯಲ್ಲಿ ಬಟ್ಟೆ ಕುದಿಸುತ್ತಿದ್ದರು. ಆ ಬಿಸಿಯಾದ, ಒಂದಿಷ್ಟು ಹುಳಿಯಾದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ದಾರಿಯ ನಡುವೆ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬೈದುಕೊಂಡು ಹೋದ. ಬೈಯಲಿ ಪಾಪ, ಅವನಿಗೇನು ಗೊತ್ತು. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ; ಅದು ಬಂದಾಗ ಅದರ ಹಿಂದೆ ಒಂದು ಇಡೀ ಮನೆಯೇ ಎದ್ದು ಬರುತ್ತದೆ. ನನಗೆ ಬಂದದ್ದು ಭೀಮರಾಯನಗುಡಿ ಕ್ಯಾಂಪಿನ ನಮ್ಮ ಮನೆ, ಅದರ ಹಿತ್ತಲು, ಹಿತ್ತಲಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಕೋಲು ಹಿಡಿದು ಕೂತ ಅವ್ವ.

ಕೃಷ್ಣಾ ಹೊಳೆಯ ನೀರು ತರುವ ಕಾಲುವೆ ಅಗೆಯುತ್ತಿದ್ದ ಕಾಲವದು. ಶೀಟು ಹೊದಿಸಿದ ಎರಡು ಕೋಣೆಯ ಕ್ವಾರ್ಟರ್ಸು ನಮ್ಮದು. ಬೇಸಿಗೆಯಲ್ಲಿ ಒಳಗೆ ಕೂತರೆ ಹಂಚಿನ ಮೇಲಿನ ರೊಟ್ಟಿಯ ಹಾಗೆ ಬೇಯುತ್ತಿದ್ದೆವು. ಅಪ್ಪ ಆಫೀಸಿನಲ್ಲಿ ಟ್ರೇಸರ್. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕಾಶೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಕೆಳಗಿನಿಂದ ಕಾಣುವ ಗೆರೆಗಳನ್ನು ಕಪ್ಪು ಶಾಯಿಯಲ್ಲಿ ಎಳೆಯುವುದು ಅವನ ಕೆಲಸ. ಅದು ಬಟ್ಟೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಮುಟ್ಟಿದರೆ ಕಾಗದದಂತೆ ಗರಿಗರಿ, ಬೆಳಕಿಗೆ ಹಿಡಿದರೆ ತಿಳಿನೀಲಿ. ಗಂಜಿ ಕುಡಿಸಿ ಕುಡಿಸಿ ಅದನ್ನು ಹಾಗೆ ಮಾಡಿರುತ್ತಾರಂತೆ. ಕಾಲುವೆಯ ದಾರಿ ಬದಲಾದಾಗ, ಇಲ್ಲವೇ ಮೇಲಿನವರ ಮನಸ್ಸು ಬದಲಾದಾಗ, ನಕಾಶೆ ರದ್ದಾಗುತ್ತಿತ್ತು. ರದ್ದಾದದ್ದನ್ನು ಸಾಹೇಬರು ಬೇಕಾದವರಿಗೆ ಕೊಟ್ಟುಬಿಡುತ್ತಿದ್ದರು. ಉಳಿದವರು ಅದನ್ನು ಮಕ್ಕಳ ಪುಸ್ತಕಕ್ಕೆ ಹೊದಿಸುತ್ತಿದ್ದರು, ಕಿಟಕಿಗೆ ಹೊಡೆಯುತ್ತಿದ್ದರು. ನಮ್ಮವ್ವ ಕುದಿಸುತ್ತಿದ್ದಳು.

ಅದನ್ನು ನೋಡುವುದೆಂದರೆ ನನಗೆ ಊಟ ಬೇಕಿರಲಿಲ್ಲ. ಬಿಸಿನೀರಿಗೆ ಬಿದ್ದೊಡನೆ ನಕಾಶೆ ಮೊದಲು ಸುರುಳಿ ಸುತ್ತಿಕೊಂಡು, ಆಮೇಲೆ ನಿಧಾನಕ್ಕೆ ಮೈ ಸಡಿಲ ಬಿಡುತ್ತಿತ್ತು. ಗಂಜಿ ಬಿಟ್ಟು ನೀರು ಬೆಳ್ಳಗಾಗುತ್ತಿತ್ತು. ಅದರೊಳಗೆ ಅಪ್ಪ ವಾರಗಟ್ಟಲೆ ಉಸಿರು ಹಿಡಿದು ಎಳೆದ ಗೆರೆಗಳು ಒಂದೊಂದಾಗಿ ಬಟ್ಟೆ ಬಿಟ್ಟು ಎದ್ದು, ಕಪ್ಪು ಎಳೆಗಳಾಗಿ ತೇಲಿ, ಕರಗಿ ಹೋಗುತ್ತಿದ್ದವು. ಅವ್ವ ಆ ನೀರನ್ನು ಚೆಲ್ಲಿದಾಗ ಅದು ಹಿತ್ತಲಿನ ಎರೆಮಣ್ಣಿನಲ್ಲಿ ತಾನೇ ದಾರಿ ಮಾಡಿಕೊಂಡು, ಕವಲೊಡೆದು ಹರಿಯುತ್ತಿತ್ತು. ಎಲ್ಲ ಕಾಲುವೆಗಳೂ ಹೀಗೆಯೇ ನಮ್ಮ ಹಿತ್ತಲಿನಿಂದ ಹೊರಡುತ್ತವೆಂದು ನಾನು ಬಹಳ ದಿನ ನಂಬಿದ್ದೆ. ಕಡೆಗೆ ಹಂಡೆಯಿಂದ ಹೊರಬರುತ್ತಿದ್ದದ್ದು ಬೇರೆಯೇ ವಸ್ತು. ಬೆಳ್ಳಗೆ, ತೆಳ್ಳಗೆ, ಕೂಸಿನ ಕಿವಿಯಷ್ಟು ಮೆತ್ತಗೆ. ಇಂಥ ಬಟ್ಟೆ ಆ ಬಿರುಸಿನೊಳಗೆ ಎಲ್ಲಿ ಅಡಗಿ ಕೂತಿತ್ತೆಂದು ನನಗೆ ಇವತ್ತಿಗೂ ಬೆರಗು.

ಅವ್ವನ ಕೈಗೆ ಸಿಕ್ಕದ್ದು ಕಸಕ್ಕೆ ಹೋಗುತ್ತಿರಲಿಲ್ಲ. ಒಡೆದ ಬಳೆಯ ಚೂರುಗಳನ್ನು ಮೇಣದಬತ್ತಿಯ ಉರಿಗೆ ಹಿಡಿದು, ಅವು ಮೆತ್ತಗಾಗುವ ಗಳಿಗೆಯಲ್ಲೇ ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಬಾಗಿಲಿಗೆ ತೋರಣ ಮಾಡುತ್ತಿದ್ದಳು. ಚಿಂದಿ ತುರುಕಿ ಗಿಳಿ ಹೊಲಿದು ತೊಟ್ಟಿಲಿಗೆ ತೂಗುಬಿಡುತ್ತಿದ್ದಳು. ಆದರೆ ಅವಳ ಹೆಸರು ನಿಂತದ್ದು ಕುಲಾವಿಯಿಂದ. ಕೂಸಿನ ತಲೆ, ಕಿವಿ ಮುಚ್ಚಿ ಗದ್ದದ ಕೆಳಗೆ ದಾರ ಕಟ್ಟುವ ಟೋಪಿ ಅದು. ಕ್ಯಾಂಪಿನಲ್ಲಿ ಯಾರಿಗೆ ಕೂಸು ಹುಟ್ಟಲಿ, ಅವರು ಯಾವ ಸೀಮೆಯವರೇ ಆಗಲಿ, ಟ್ರೇಸಿಂಗ್ ಬಟ್ಟೆಯ ಒಂದು ಕುಲಾವಿ ನಮ್ಮ ಮನೆಯಿಂದ ಹೋಗಲೇಬೇಕು. ಅಂಚಿಗೆ ಕೆಂಪು ದಾರದ ಗೊಂಡೆ, ನೆತ್ತಿಯ ಮೇಲೆ ಹಸಿರು ಬಳ್ಳಿ. ನಮ್ಮ ಕಡೆ ಆಡುಮಾತಿನಲ್ಲಿ ಕಾಲುವೆ ಕಾಲುವಿಯಾಗುತ್ತದೆ. ಚಿಕ್ಕವಳಿದ್ದಾಗ ನನಗೆ ಎರಡು ಮಾತೂ ಕಲಸಿಹೋಗಿ, ಬಂದವರ ಮುಂದೆಲ್ಲ "ನಮ್ಮಪ್ಪ ಕುಲಾವಿ ಬರೀತಾನ, ನಮ್ಮವ್ವ ಕಾಲುವಿ ಹೊಲೀತಾಳ" ಎನ್ನುತ್ತಿದ್ದೆನಂತೆ. ಅದನ್ನು ಹೇಳಿಸಿ ನಗುವುದಕ್ಕೆಂದೇ ಕೆಲವರು ನಮ್ಮ ಮನೆಗೆ ಚಹಾಕ್ಕೆ ಬರುತ್ತಿದ್ದರು.

ಅವ್ವನಿಗೆ ಒಬ್ಬಳೇ ತಂಗಿ, ಮಲ್ಲವ್ವ ಚಿಗವ್ವ. ಕೊಂಕಲ್ಲಿಗೆ ಕೊಟ್ಟಿದ್ದರು. ಅವರ ತಾಯಿ ಸಣ್ಣ ವಯಸ್ಸಿಗೇ ತೀರಿಕೊಂಡಿದ್ದರಿಂದ ಚಿಗವ್ವನಿಗೆ ತವರು ಎಂದರೆ ನಮ್ಮ ಶೀಟಿನ ಮನೆಯೇ. ಅವಳಿಗೆ ಎರಡು ಕೂಸು ಹುಟ್ಟಿ, ಎರಡೂ ತೊಟ್ಟಿಲು ದಾಟಲಿಲ್ಲ. ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ ನಮ್ಮಲ್ಲಿ. ಬಾಳಿ ಬದುಕಿದ ಹಿರಿಯರು ಉಟ್ಟು ಹಳೆಯದಾದ ಬಟ್ಟೆಯಲ್ಲಿ ಕುಲಾವಿ ಹೊಲಿದು ತವರಿನವರು ತರಬೇಕು. ಉಟ್ಟವರ ಆಯುಷ್ಯ ಕೂಸಿಗೆ ಬರಲಿ ಎಂದು; ಆಮೇಲೆ ಬರುವ ಉಡುಗೊರೆಗಳಿಗೆ ಈ ಕಟ್ಟಳೆ ಇಲ್ಲ. ಆ ಎರಡು ಸಲವೂ ಅವ್ವ ತನ್ನ ತಾಯಿಯ ಸೀರೆಯಲ್ಲಿ ಹೊಲಿದು ಒಯ್ದಿದ್ದಳು. ಅವಳ ಬಳಿ ಇದ್ದದ್ದು ಅದೊಂದೇ. ಅರ್ಧಕ್ಕೆ ಹೋದವಳ ಸೀರೆ ತಂದರೆ ಇನ್ನೇನಾಗುತ್ತದೆ ಎಂದು ಕೊಂಕಲ್ಲಿನಲ್ಲಿ ಯಾರೋ ಅಂದದ್ದು ಅವ್ವನ ಕಿವಿಗೂ ಬಿತ್ತು. ಅಂದವರು ಮರೆತಿರಬಹುದು, ಅವ್ವ ಮರೆಯಲಿಲ್ಲ. ಮೂರನೆಯ ಕೂಸು, ಹೆಣ್ಣು, ಹುಟ್ಟಿದೆ ಎಂದು ಸುದ್ದಿ ಬಂದಾಗ ಅವಳು ತಾಯಿಯ ಸೀರೆಯನ್ನು ಟ್ರಂಕಿನಿಂದ ತೆಗೆಯಲೇ ಇಲ್ಲ. ಮನೆಯಲ್ಲಿದ್ದ ಟ್ರೇಸಿಂಗ್ ಬಟ್ಟೆಗಳಲ್ಲೇ ಎಳೆ ಚೊಕ್ಕವಾಗಿದ್ದುದನ್ನು ಆರಿಸಿ ಹಂಡೆಗೆ ಹಾಕಿದಳು. ಅದರಲ್ಲಿ ಯಾರ ಸಾವೂ ಇರಲಿಲ್ಲವಲ್ಲ, ಅದಕ್ಕೆ.

ಆ ಕುಲಾವಿಯಂಥದನ್ನು ನಾನು ಮತ್ತೆ ನೋಡಿಲ್ಲ. ಅವ್ವ ಅದಕ್ಕೆ ಗಂಟೇ ಹಾಕಲಿಲ್ಲ. ಕೂಸಿನ ತಲೆಗೆ ಒತ್ತೀತೆಂದು ದಾರದ ತುದಿಯನ್ನು ಹೊಲಿಗೆಯೊಳಗೇ ಹಿಂದಕ್ಕೆ ಹಾಯಿಸಿ ಮುಚ್ಚಿದಳು. ಒಳಗು ಯಾವುದು, ಹೊರಗು ಯಾವುದು ತಿಳಿಯುತ್ತಿರಲಿಲ್ಲ. ಹೊಲಿಯುವಾಗ ಮಾತಾಡುತ್ತಿದ್ದವಳು ಆ ದಿನಗಳಲ್ಲಿ ತುಟಿ ಬಿಚ್ಚಲಿಲ್ಲ. ಅಪ್ಪ ಕೂಡ ರೇಡಿಯೊ ಸಣ್ಣಗೆ ಹಚ್ಚುತ್ತಿದ್ದ. ಮುಗಿದ ಮೇಲೆ ಅವ್ವ ಅದನ್ನು ತನ್ನ ಮುಷ್ಟಿಗೆ ತೊಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬೆಳಕು ಬಟ್ಟೆಯ ಮೂಲಕ ಬಂದು ಅವಳ ಮುಖದ ಮೇಲೆ ಬಿತ್ತು. ನಮ್ಮವ್ವ ಇಷ್ಟು ಚೆಲುವೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ತೊಟ್ಟಿಲಿಗೆ ಹಾಕುವ ದಿನ ಕೊಂಕಲ್ಲಿನ ಮನೆಯ ಪಡಸಾಲೆ ಹೆಂಗಸರಿಂದ ತುಂಬಿತ್ತು. ಅವ್ವ ತಟ್ಟೆಯಲ್ಲಿ ಕುಲಾವಿ ಇಟ್ಟು ಚಿಗವ್ವನ ಅತ್ತೆ ಭೀಮವ್ವನ ಮುಂದೆ ಹಿಡಿದಳು. ಭೀಮವ್ವ ಅದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು.

"ಶಾಂತವ್ವ, ಇದು ಯಾರು ಉಟ್ಟ ಅರಿವಿ?"

"ಯಾರೂ ಉಟ್ಟಿಲ್ರಿ, ಅತ್ತಿಯವ್ರ. ಆಫೀಸಿಂದು. ಕುದಿಸಿ ಕುದಿಸಿ ಮೆತ್ತಗ ಮಾಡೀನ್ರಿ."

ಹಾಡಲು ಬಾಯಿ ತೆರೆದಿದ್ದವರು ಹಾಗೇ ನಿಂತರು. ಯಾರೂ ಉಡದ ಬಿಳಿ ಬಟ್ಟೆಯನ್ನು ಯಾವಾಗ, ಯಾರ ಮೈಮೇಲೆ ಹಾಕುತ್ತಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು, ಒಂದು ಭಯದಿಂದ ಓಡುವ ಭರದಲ್ಲಿ ಇನ್ನೊಂದರ ಬಾಯಿಗೇ ಬಿದ್ದಿದ್ದಳು. ಚಿಗವ್ವ ಕೂಸನ್ನು ಎದೆಗೆ ಬಿಗಿಯಾಗಿ ಅವಚಿಕೊಂಡಳು. ಭೀಮವ್ವ ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು.

"ಎರಡು ಕೂಸು ಇದೇ ಕೈಲೆ ಎತ್ತಿ ಕೊಟ್ಟೀನವ್ವ," ಎಂದಳು. "ಇನ್ನ ನನ್ನ ಕೈಲೆ ಆಗಂಗಿಲ್ಲ."

ಅವ್ವ ತಟ್ಟೆಯನ್ನು ಕೆಳಗಿಟ್ಟಳು. ಅವಳು ನನ್ನನ್ನು ನೋಡಿದಳು, ಬಾಗಿಲ ಹೊರಗೆ ಗಂಡಸರ ನಡುವೆ ಕೂತಿದ್ದ ಅಪ್ಪನನ್ನು ನೋಡಿದಳು.

"ಯಾರೂ ಉಟ್ಟಿಲ್ಲ ಅಂದೆ, ತಪ್ಪಾತ್ರಿ," ಎಂದಳು. "ಇದನ್ನ ಕಾಲುವಿ ಉಟ್ಟಿತ್ತು. ಕಾಲುವಿ ಮೊದಲ ಇದರ ಮ್ಯಾಲೆ ಹುಟ್ಟತದ, ಆಮ್ಯಾಲೆ ನೆಲದ ಮ್ಯಾಲೆ. ನಮ್ಮ ಮನಿಯವ್ರೇ ಬರೀತಾರ್ರಿ."

"ಕಾಲುವಿಗಿ ಏನು ವಯಸ್ಸವ್ವ? ನಿನ್ನಿ ಮೊನ್ನಿ ಅಗದದ್ದು. ಇನ್ನ ನೀರೇ ಕಂಡಿಲ್ಲ."

"ಕಾಲುವಿ ಸಣ್ಣದು, ಖರೆ ಅದ. ಅದರಾಗ ಬರಾಕಿ ಯಾರ್ರಿ? ಕೃಷ್ಣಿ ಅಲ್ಲೇನ್ರಿ? ಆಕಿಗಿಂತ ಹಿರೇರು ನಮ್ಮ ತವರಿನಾಗ ಯಾರದಾರ?"

ಭೀಮವ್ವ ಕುಲಾವಿಯನ್ನು ಹಿಂದು ಮುಂದು ತಿರುಗಿಸಿದಳು, ಹೊಲಿಗೆಯ ಮೇಲೆ ಬೆರಳಾಡಿಸಿದಳು, ಗಂಟು ಹುಡುಕಿದಳು, ಸಿಗಲಿಲ್ಲ. ಆಮೇಲೆ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ತಾನೇ ಮುಂದೆ ಬಂದು ಕೂಸಿಗೆ ಕಟ್ಟಿದಳು. ಕಟ್ಟುವಾಗ ಅವಳ ಕಣ್ಣೀರು ಕೂಸಿನ ಕೆನ್ನೆಯ ಮೇಲೆ ಬಿತ್ತು, ಕೂಸು ಮುಖ ಕಿವುಚಿತು. ಹೆಸರು ಬೇರೆಯದೇ ನಿಶ್ಚಯವಾಗಿತ್ತು. ಕಿವಿಯಲ್ಲಿ ಹೇಳಲು ಸೋದರತ್ತೆ ಬಗ್ಗಿದಾಗ ಭೀಮವ್ವ ತಡೆದಳು.

"ಕೃಷ್ಣವ್ವ ಅನ್ರಿ," ಎಂದಳು.

ಸಂಜೆ ಬಸ್ಸಿನಲ್ಲಿ ಅಪ್ಪ ಅವ್ವನ ಪಕ್ಕದಲ್ಲೇ ಕೂತಿದ್ದ. ಸುಳ್ಳು ಅವನಿಗೆ ಒಗ್ಗುತ್ತಿರಲಿಲ್ಲ. ಕಡೆಗೆ ಅವ್ವನ ಕಡೆ ಬಗ್ಗಿ, "ಅದು ಕಾಲುವಿ ನಕಾಶಿ ಅಲ್ಲ. ಕ್ಯಾಂಪಿನ ಸಂಡಾಸದ್ದು," ಎಂದ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅವಳ ಪಾಲಿಗೆ ಅಪ್ಪ ಎಳೆದ ಗೆರೆಯೆಲ್ಲ ಕಾಲುವೆಯೇ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಗತೊಡಗಿದಳು. ಅಪ್ಪನೂ ನಕ್ಕ. ಬಸ್ಸಿನವರೆಲ್ಲ ತಿರುಗಿ ನೋಡಿದರು. ನಗುತ್ತ ನಗುತ್ತಲೇ ಅವ್ವ ಅಳುತ್ತಿದ್ದಳು. "ಯಾರ ಮುಂದೂ ಅನಬ್ಯಾಡ್ರಿ," ಎಂದಳು, ಮೂಗು ಒರೆಸಿಕೊಂಡು. "ಕುದಿಸಿದ ಮ್ಯಾಲೆ ಅದರಾಗ ಯಾವ ಗೆರಿ ಉಳದದ?"

ಕೃಷ್ಣವ್ವ ಉಳಿದಳು. ಕುಲಾವಿಯಿಂದ ಎಂದು ನಾನು ಹೇಳುವುದಿಲ್ಲ, ಅಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಕಾಲುವೆಗೆ ನೀರು ಬಿಟ್ಟಾಗ ಅವಳು ತೊದಲು ಮಾತಾಡುತ್ತಿದ್ದಳು. ನಾವೂ ನೋಡಲು ಹೋಗಿದ್ದೆವು. ಒಣಗಿ ಬಿರಿದ ತಳದ ಮೇಲೆ ಮೊದಲು ಕಸಕಡ್ಡಿ, ನೊರೆ ತಳ್ಳಿಕೊಂಡು ಒಂದು ಕಂದು ನಾಲಿಗೆ ಬಂತು. ಅದರ ಹಿಂದೆ ನೀರು, ನೀರು. ಭೀಮವ್ವ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಏರಿಯ ತುದಿಗೆ ಬಂದು, "ನಿಮ್ಮ ಆಯಿ ಬಂದಾಳ ನೋಡು," ಎಂದಳು; ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಕೂಸು ಎರಡೂ ಕೈ ಎತ್ತಿ ನೀರಿಗೆ ನಮಸ್ಕಾರ ಮಾಡಿತು. ಅಪ್ಪ ಅವ್ವನನ್ನು ನೋಡಿದ, ಅವ್ವ ಬೇಕೆಂದೇ ಬೇರೆ ಕಡೆ ನೋಡಿದಳು.

ಕೆಲಸ ಮುಗಿಯುತ್ತಿದ್ದಂತೆ ಕ್ಯಾಂಪು ಬರಿದಾಯಿತು. ವರ್ಗವಾದವರು ಒಬ್ಬೊಬ್ಬರೇ ಲಾರಿಗೆ ಸಾಮಾನು ಹಾಕಿ ಹೊರಟರು, ಅವ್ವ ಹೊಲಿದ ಗಿಳಿ, ಕಟ್ಟಿದ ತೋರಣಗಳೂ ಅವರ ಜೊತೆ ಯಾವ ಯಾವ ಊರಿಗೋ ಹೋದವು. ನಮ್ಮ ಸಾಲಿನ ಶೀಟುಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಗೋಡೆಯ ನಡುವೆ ಜಾಲಿ ಬೆಳೆದಿದೆ. ಅಪ್ಪ ಹೋದ, ಭೀಮವ್ವ ಹೋದಳು, ಚಿಗವ್ವ ಹೋದಳು. ಅವ್ವ ಎಲ್ಲರನ್ನೂ ಕಳಿಸಿ, ಕಣ್ಣು ಮಂಜಾದ ಮೇಲೂ ಸೂಜಿಗೆ ದಾರ ಹಾಕಿಸಿಕೊಂಡು ಹೊಲಿಯುತ್ತ, ತುಂಬು ಮುಪ್ಪಿನಲ್ಲಿ ಹೋದ ವರ್ಷ ತೀರಿಕೊಂಡಳು.

ದಿನಕರ್ಮ ಮುಗಿದ ಮೇಲೆ ಅವಳ ಟ್ರಂಕು ತೆಗೆದು, ನೆನಪಿಗೆ ಯಾವುದಾದರೂ ಒಂದು ಸೀರೆ ತೆಗೆದುಕೋ ಎಂದು ಕೃಷ್ಣವ್ವನಿಗೆ ಹೇಳಿದೆ. ಇಳಕಲ್ ಇತ್ತು, ರೇಷ್ಮೆ ಇತ್ತು. ಅವಳು ಅವನ್ನೆಲ್ಲ ಬದಿಗೆ ಸರಿಸಿ, ಅವ್ವ ದಿನಾ ಉಡುತ್ತಿದ್ದ, ತೊಳೆದು ತೊಳೆದು ಬಣ್ಣ ಹೋದ ಹತ್ತಿ ಸೀರೆಯನ್ನು ಎತ್ತಿಕೊಂಡಳು.

"ಇದೇ ಇರ್ಲಿ, ಯಕ್ಕ," ಎಂದಳು. "ಮಗಳಿಗೆ ಮುಂದಿನ ತಿಂಗಳ ಹೆರಿಗಿ ಅದ."

ಸೀರೆ ಮಡಿಸಿ ಅವಳ ಚೀಲದಲ್ಲಿ ಇಟ್ಟೆ. ಇದು ಯಾರು ಉಟ್ಟ ಅರಿವೆ ಎಂದು ಯಾರಾದರೂ ಕೇಳಿದರೆ, ತಡವರಿಸದೆ ಹೇಳಲು ಈಗ ನಮ್ಮ ತವರಿನಲ್ಲೂ ಒಂದು ಹೆಸರಿದೆ.