ಗುಳಿಮುಖದವನ ನೋಟ

ಪುಟ್ಟಿ ಹೇಳಿದ್ದು ಒಂದೇ ಮಾತು. "ಅಜ್ಜಿ ಶೆಡ್ಡಲ್ಲಿ ಮೂರು ಕೊಂಬಿನವನು ಇದ್ದಾನಲ್ಲ, ಅವನು ನನ್ನೇ ನೋಡ್ತಾನೆ. ನಾನು ಈ ಕಡೆ ಹೋದ್ರೆ ಈ ಕಡೆ ತಿರುಗ್ತಾನೆ." ಇಷ್ಟು ಹೇಳಿ, ಉಳಿದ ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡು ಆಡಲು ಓಡಿದಳು. ಅವಳ ಅಮ್ಮನಿಗೆ ಮಾತ್ರ ಅದು ಹಲ್ಲಿನ ಸಂದಿಗೆ ಸಿಕ್ಕಿದ ನಾರಾಯಿತು. ಏನು ಮಾಡುತ್ತಿದ್ದರೂ ನಾಲಿಗೆ ಹೋಗಿ ಅಲ್ಲೇ ನಿಲ್ಲುವುದು. ಗೋಡೆಗೆ ನೇತುಹಾಕಿದ ಪ್ಲಾಸ್ಟರಿನ ಮುಖ ತಿರುಗುವುದೆಂದರೇನು? ಮಗುವಿನ ಕಣ್ಣಿಗೆ ಏನಾದರೂ ಆಗಿದೆಯೇ? ಭಯ ಬಿದ್ದಿದ್ದಾಳೆಯೇ? ಬಿದ್ದ ಭಯ ಒಳಗೇ ಕೂತುಬಿಟ್ಟರೆ?

ಇದೇ ವಾರ ಬೇರೆ ಬರಬೇಕಿತ್ತು ಈ ಮಾತು. ಮಗು ಹುಟ್ಟುವ ಮೊದಲು ಅವಳು ಕೆಲಸ ಮಾಡುತ್ತಿದ್ದ ಮುದ್ರಣಾಲಯದವರು ಮತ್ತೆ ಕರೆದಿದ್ದರು. ಬರುತ್ತೀರೋ ಇಲ್ಲವೋ ಶುಕ್ರವಾರ ಸಂಜೆಯೊಳಗೆ ಫೋನ್ ಮಾಡಿ ತಿಳಿಸಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಅವಳಿಗೆ ಹೋಗುವ ಆಸೆ ಬೆಟ್ಟದಷ್ಟಿತ್ತು. ಆದರೆ ಹೋದರೆ ಪುಟ್ಟಿ ಹಗಲೆಲ್ಲ ಅಜ್ಜಿಯ ಶೆಡ್ಡಿನಲ್ಲಿ, ಆ ಮುಖಗಳ ನಡುವೆಯೇ ಇರಬೇಕು.

"ನಾನೂ ಅದೇ ಶೆಡ್ಡಲ್ಲೇ ಬೆಳೆದೋನು ಕಣೇ" ಎಂದ ಗಂಡ. "ನಂಗೇನಾಗಿದೆ?"

"ನನ್ನ ಭಯಾನೂ ಅದೇ" ಎಂದಳು.

ಅವಳ ಅತ್ತೆಯನ್ನು ಬೀದಿಯವರೆಲ್ಲ ಅಚ್ಚಮ್ಮ ಎಂದೇ ಕರೆಯುವುದು. ಮುಖವಾಡ ಎರೆಯುವ ಪ್ಲಾಸ್ಟರಿನ ಅಚ್ಚು ಮಾಡುವುದು, ಒಡೆದ ಅಚ್ಚನ್ನು ಸರಿಪಡಿಸುವುದು ಅವರ ಕಸುಬು. ಅವರಪ್ಪ ಮನೆಗಳ ಛಾವಣಿಗೆ ಪ್ಲಾಸ್ಟರಿನ ಹೂವು ಕೂರಿಸುತ್ತಿದ್ದವರು. ಮಗಳು ಗೊಂಬೆ ಹಿಡಿಯುವ ಮೊದಲೇ ಜರಡಿ ಹಿಡಿದಳು. ಮದುವೆಯಾದದ್ದು ನಾಟಕದ ಉಡುಪು ಹೊಲಿಯುವ ದರ್ಜಿಯನ್ನು. ಒಂದು ದಿನ ದರ್ಜಿ ತಲೆಮೇಲೆ ಕೈಹೊತ್ತು ಮನೆಗೆ ಬಂದರು. ನಾಟಕದ ದುಷ್ಟ ಹೆಗ್ಗಣನ ಕಾಗದದ ಮುಖವಾಡ ನಟನ ಬೆವರಿಗೆ ಕರಗಿ, ಮೂಗು ಕಳಚಿ ರಾಜನ ಮಡಿಲಿಗೆ ಬಿದ್ದಿತ್ತಂತೆ. "ಛಾವಣಿ ಹೂವಾದ್ರೇನು, ಹೆಗ್ಗಣದ ಮೂತಿಯಾದ್ರೇನು" ಎಂದ ಹೆಂಡತಿ ಜೇಡಿಮಣ್ಣಿನಲ್ಲಿ ಮೂತಿ ತಿದ್ದಿ, ಅದರ ಮೇಲೆ ಪ್ಲಾಸ್ಟರು ಸುರಿದು ಅಚ್ಚು ತೆಗೆದು, ಅಚ್ಚಿನೊಳಗೆ ರಬ್ಬರ್ ಹಾಲು ಎರೆದು ಒಣಗಿಸಿ ಸುಲಿದು ಕೊಟ್ಟರು. ನಾಟಕದ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಲ್ಲಮ್ಮ, ಮಕ್ಕಳು ಹೆದರ್ಬೇಕು. ಇದನ್ನ ನೋಡಿದ್ರೆ ಎತ್ಕೋಬೇಕು ಅನ್ಸತ್ತೆ" ಎಂದರು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ ಸ್ವಾಮಿ. ನಂದು ಊರಿಗೇ ಮುದ್ದು, ತಗೊಳಿ."

ಆಮೇಲೆ ಕಪ್ಪೆ ಬಂತು, ಗೂಬೆ ಬಂತು, ಹೆಸರಿಲ್ಲದ ಕೊಂಬಿನವರು ಬಂದರು. ಮುಖಗಳ ಮಾದರಿಗೆ ಅಚ್ಚಮ್ಮ ದೂರ ಹೋದವರಲ್ಲ. ಕಪ್ಪೆಯ ಗಲ್ಲ ಗಂಡನದು, ಕಾಡುಹಂದಿಯ ಹುಬ್ಬು ಮೈದುನನದು. ಮೈದುನ ಆ ನಾಟಕವನ್ನು ಎರಡು ಸಲ ನೋಡಿ ಬಂದು, "ಅತ್ತಿಗೆ, ಆ ಹಂದೀನ ಎಲ್ಲೋ ನೋಡಿದ್ದೀನಿ ಅನ್ಸತ್ತೆ" ಎಂದನಂತೆ. "ಕನ್ನಡಿ ಅಂಗಡೀಲಿರಬಹುದು" ಎಂದರಂತೆ ಇವರು.

ಶುಕ್ರವಾರ ಮಧ್ಯಾಹ್ನ ಸೊಸೆ ಶೆಡ್ಡಿಗೆ ಹೋದಳು, ತನ್ನ ಕಣ್ಣಿಂದಲೇ ನೋಡಿ ತೀರ್ಮಾನಿಸೋಣವೆಂದು. ತೀರ್ಮಾನ ಅವಳ ಮನಸ್ಸಿನಲ್ಲಿ ಆಗಲೇ ಮುಕ್ಕಾಲು ಪಾಲು ಆಗಿಹೋಗಿತ್ತು. ಪುಟ್ಟಿ ಮೂಲೆಯಲ್ಲಿ ಜೇಡಿಮಣ್ಣಿಗೆ ಕಿವಿ ಅಂಟಿಸುತ್ತ ಕೂತಿದ್ದಳು. ಅಚ್ಚಮ್ಮ ಕಾಡುಹಂದಿಯ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು, ಅಂಚು ಒಡೆದ ಕಡೆ ಕುಂಚದಿಂದ ನೀರು ಹಚ್ಚುತ್ತಿದ್ದರು. ಹಚ್ಚಿದ ನೀರು ಹಚ್ಚಿದಂತೆಯೇ ಮಾಯವಾಗುತ್ತಿತ್ತು.

"ಬಾರಮ್ಮ. ಒಣಗಿದ ಅಚ್ಚು ಅಂದ್ರೆ ಅತ್ತೆ ಇದ್ದ ಹಾಗೆ, ನೋಡ್ಕೋ. ಮೊದ್ಲು ಇದಕ್ಕೆ ಸಾಕು ಅನ್ನೋವರೆಗೂ ಕುಡಿಸ್ಬೇಕು. ಇಲ್ದಿದ್ರೆ ಹೊಸದಾಗಿ ಮೆತ್ತಿದ ಪ್ಲಾಸ್ಟರಿನ ನೀರೆಲ್ಲ ಹೀರಿ, ಪಾಪ, ಅದನ್ನ ಪುಡಿಪುಡಿ ಮಾಡಿಬಿಡತ್ತೆ."

"ಹಾಗಾದ್ರೆ ಟೀ ಮಾಡ್ಕೊಂಡ್ ಬರ್ತೀನಿ, ಅತ್ತೆ."

ಅಚ್ಚಮ್ಮ ನಕ್ಕ ರಭಸಕ್ಕೆ ಸೆರಗಿನ ಪುಡಿಯೆಲ್ಲ ಹಾರಿತು. "ಮನೆಗೆ ಬಂದು ಇಷ್ಟು ವರ್ಷಕ್ಕೆ ಇವತ್ತು ಬಾಯಿ ಬಿಟ್ಟೆ."

ಒಲೆ ಇದ್ದದ್ದು ಶೆಡ್ಡಿನ ಆ ಕೊನೆಯಲ್ಲಿ. ಅವಳು ಪಾತ್ರೆ ಹಿಡಿದು ಗೋಡೆಯ ಪಕ್ಕದಲ್ಲೇ ನಡೆದಳು. ಗೋಡೆಯುದ್ದಕ್ಕೂ ಅರ್ಧರ್ಧ ಅಚ್ಚುಗಳು, ಬಿಳಿಯ ಗುಳಿಮುಖಗಳು. ಮುಖವಾಡದಲ್ಲಿ ಉಬ್ಬುವ ಮೂಗು ಇಲ್ಲಿ ಹಳ್ಳ, ಗುಳಿ ಬೀಳುವ ಕೆನ್ನೆ ಇಲ್ಲಿ ದಿಣ್ಣೆ. ನಡುವೆ ಮೂರು ಕೊಂಬಿನವನು. ಅವನನ್ನು ದಾಟುವಾಗ ಓರೆಗಣ್ಣಿನಲ್ಲಿ ನೋಡಿದಳು.

ಅವನು ತಿರುಗಿದ.

ನಿಂತಳು, ಅವನೂ ನಿಂತ. ಒಂದು ಹೆಜ್ಜೆ ಹಿಂದೆ ಇಟ್ಟಳು. ಮುಖ ಹೊರಗೆ ಉಬ್ಬಿಕೊಂಡು, ಕತ್ತು ಹೊರಳಿಸಿದಂತೆ ಅವಳ ಹಿಂದೆಯೇ ಬಂತು.

"ಅತ್ತೆ" ಎಂದಳು. ಕಣ್ಣು ಅವನ ಮೇಲೇ ಇತ್ತು.

"ಕೊಂಬಿನವನಾ? ಅವನು ಎಲ್ಲರನ್ನೂ ನೋಡ್ತಾನೆ. ಯಾಕೆ ಅಂತ ನಂಗೂ ಗೊತ್ತಿಲ್ಲಮ್ಮ, ಗುಳಿ ಬಿದ್ದ ಮುಖವೆಲ್ಲ ದೂರದಿಂದ ಹಾಗೇನೇ. ನಿನ್ನ ಗಂಡ ಚಿಕ್ಕೋನಿದ್ದಾಗ ಈ ಕೊಂಬಿನವನ ಮುಖಕ್ಕೆ ಟವೆಲ್ ಹೊದಿಸಿ ಆಮೇಲೆ ಊಟಕ್ಕೆ ಕೂರ್ತಿದ್ದ. ಹೇಳಿಲ್ವಾ?"

"ಇಲ್ಲ" ಎಂದಳು ಸೊಸೆ. ಗಂಡನನ್ನು ಕೆಣಕಲು ಇವತ್ತಿನ ರಾತ್ರಿ ಊಟಕ್ಕೆ ಟವೆಲ್ ಎಲ್ಲಿಡಬೇಕೆಂದು ಆಗಲೇ ಲೆಕ್ಕ ಹಾಕುತ್ತಿದ್ದಳು.

ಪುಟ್ಟಿ ಬಂದು ಮಣ್ಣುಗೈಯಿಂದ ಅವಳ ಬೆರಳು ಹಿಡಿದೆಳೆದಳು. "ಹತ್ರ ಬಾ ಅಮ್ಮ. ಹತ್ರ ಬಂದ್ರೆ ನೋಡಲ್ಲ." ಸ್ಟೂಲು ಹತ್ತಿ, ಕೊಂಬಿನವನ ಮೂಗಿನ ಹಳ್ಳಕ್ಕೆ ಮುಷ್ಟಿ ತೂರಿಸಿದಳು. "ನೋಡು, ಮೂಗೇ ಇಲ್ಲ, ಪಾಪ."

ಹತ್ತಿರದಿಂದ ನೋಡಿದರೆ ನಿಜವಾಗಿಯೂ ಬರೀ ಹಳ್ಳ. ತಣ್ಣಗೆ, ನುಣ್ಣಗೆ, ಅಚ್ಚು ಅಂಟದಿರಲೆಂದು ಸವರಿದ ಸೋಪಿನ ವಾಸನೆ.

"ನಿಂಗೆ ಹೆದರಿಕೆ ಆಗಲ್ವಾ ಪುಟ್ಟಿ?"

"ಯಾಕೆ? ಅವನು ನನ್ ಫ್ರೆಂಡು. ಬೇರೆ ಯಾರೂ ಅಷ್ಟೊತ್ತು ನೋಡ್ತಾ ಇರಲ್ಲ."

ಮಗು ಸುದ್ದಿ ಹೇಳಿತ್ತು, ಅಷ್ಟೇ. ಅದಕ್ಕೆ ಭಯ ಬೆರೆಸಿ ಕಲಸಿದವಳು ತಾನು. ಅವಳಿಗೆ ನಗು ಬಂತು. ಹಾಗೆಂದು ಹುಟ್ಟುಗುಣ ಒಂದೇ ದಿನಕ್ಕೆ ಎಲ್ಲಿ ಹೋದೀತು?

"ಅತ್ತೆ, ಪುಡಿ ಜರಡಿ ಹಿಡಿಯೋದು ಎಲ್ಲಿ?"

"ಹೊರಗೆ, ಅವಳು ಮಲಗಿದಾಗ."

"ಪ್ಲಾಸ್ಟರು ಗಟ್ಟಿಯಾಗೋವಾಗ ಬಿಸಿಯಾಗತ್ತಂತಲ್ಲ, ಬಕೆಟ್ಟಿಗೆ ಕೈ ಹಾಕಿದ್ರೆ?"

"ಕಲಸೋದು ಈ ಮೇಜಿನ ಮೇಲೆ. ಅವಳಿಗೆ ಎಟುಕಲ್ಲ."

"ಕೊರೆಯೋ ಚಾಕುಗಳು?"

ಅಚ್ಚಮ್ಮ ಗಲ್ಲ ಎತ್ತಿ ತೊಲೆ ತೋರಿಸಿದರು. "ಮೊದ್ಲು ಆ ಕೆಳಗಿನ ಹಲಗೆ ಮೇಲಿತ್ತು. ನಿನ್ನ ಗಂಡ ಹತ್ತಿ ಬಿದ್ದ ಮೇಲೆ ಅಷ್ಟು ಮೇಲೆ ಹೋಯ್ತು. ಇನ್ನೂ ಏನಾದ್ರೂ ಇದ್ರೆ ಕೇಳು, ಆದ್ರೆ ಕೇಳ್ತಾ ಈ ಹಂದೀನ ಹಿಡ್ಕೋ."

ಟೀ ಪಾತ್ರೆ ಕೆಳಗಿಟ್ಟು ಹಿಡಿದುಕೊಂಡಳು. ಅತ್ತೆ ಒಡೆದ ಅಂಚಿಗೆ ಹೊಸ ಪ್ಲಾಸ್ಟರು ಮೆತ್ತಿದರು. ಅದು ಹಿಡಿಯಿತು. ನಿಧಾನಕ್ಕೆ ಅವಳ ಅಂಗೈಯಡಿ ಬೆಚ್ಚಗಾಯಿತು, ನಿದ್ದೆ ಹೋದ ಮಗುವಿನ ನೆತ್ತಿಯ ಹಾಗೆ. ಅಷ್ಟರಲ್ಲಿ ಕಿಟಕಿಯ ಬಿಸಿಲು ಓರೆಯಾಗಿತ್ತು, ಸಂಜೆ ಹತ್ತಿರವಾಗಿತ್ತು. ಅಚ್ಚನ್ನು ಕೆಳಗಿಟ್ಟು ಫೋನ್ ತೆಗೆದಳು. ಹೆಬ್ಬೆರಳಿಗೆ ಪ್ಲಾಸ್ಟರು ಅಂಟಿ ಒಣಗಿತ್ತು, ಎಷ್ಟು ಒತ್ತಿದರೂ ಪರದೆ ಕೇಳಲಿಲ್ಲ.

"ನಾನ್ ಒತ್ತಲಾ?" ಎಂದಳು ಪುಟ್ಟಿ.

"ಆ ಹಸಿರು ಬಣ್ಣದ್ದು. ಕೈ ಒರೆಸ್ಕೊಂಡು."

ಪುಟ್ಟಿ ಕೈಯನ್ನು ಅಮ್ಮನ ಬಟ್ಟೆಗೇ ಒರೆಸಿ, ಒತ್ತಿದಳು. ಆ ಕಡೆ ಫೋನ್ ಎತ್ತುವವರೆಗೂ ಅಮ್ಮ ಶೆಡ್ಡಿನ ಉದ್ದಕ್ಕೂ ಅಡ್ಡಾಡಿದಳು. ಗೋಡೆಯ ಮೇಲೆ ಕೊಂಬಿನವನೂ ಜೊತೆಜೊತೆಗೇ ಹೊರಳುತ್ತಿದ್ದ.

"ನಮಸ್ಕಾರ ಸರ್, ನಾನೇ. ಸೋಮವಾರದಿಂದ ಬರ್ತೀನಿ ಅಂತ ಹೇಳೋಕೆ ಮಾಡಿದೆ. ಇಲ್ಲ ಸರ್, ಮಗೂನ ನೋಡ್ಕೊಳ್ಳೋಕೆ ಜನ ಇದ್ದಾರೆ. ತುಂಬಾ ಜನ."